ಸರಿಯೋ, ಬೆಸವೋ

ಬುಧವಾರ, ಮಧ್ಯಾಹ್ನ
ಹೊಲಿಗೆ ಅಂಗಡಿಯಿಂದ

ರೀ,

‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದ್ದೇನೆ. ಮೇಲೆ ಗೀಚಿದ್ದು ಕಾಣುತ್ತಿರಬೇಕು. ಹೊಸ ಹಾಳೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಇಷ್ಟು ವರ್ಷ ‘ರೀ’ ಅಂದರೆ ಸಾಕಾಗಿತ್ತು, ಇವತ್ತೂ ಸಾಕು.

ನಿಮ್ಮ ಕಾಗದ ನಿನ್ನೆ ತಲುಪಿತು. ಮನೆಗೆ ಬರಲೇ ಎಂದು ಕೇಳಿದ್ದೀರಿ. ಮೊನ್ನೆ ಭಾನುವಾರದ ಬಗ್ಗೆ ಮಾತ್ರ ಅದರಲ್ಲಿ ಒಂದಕ್ಷರವೂ ಇಲ್ಲ. ಅದನ್ನು ಹೇಳದೆ ನನಗೆ ಬೇರೆ ಮಾತು ಬರುವುದಿಲ್ಲ.

ನೀವು ಬರುತ್ತೀರೆಂದು ಮಗಳು ಬೆಳಗಿನಿಂದ ಕಿಟಕಿ ಬಿಟ್ಟು ಅಲ್ಲಾಡಿರಲಿಲ್ಲ. ನಾನು ಹಾಗೇನೂ ಕಾಯುತ್ತಿರಲಿಲ್ಲ. ಯಾರದ್ದೋ ಪರದೆಗೆ ಅಂಚು ಹೊಲಿಯುತ್ತಿದ್ದೆ. ಒಂದೇ ಕಡೆ ಎರಡು ಸಲ ಹೊಲಿದಿದ್ದೆ, ಆಮೇಲೆ ಬಿಚ್ಚಬೇಕಾಯಿತು. ನೀಲಿ ಸೀರೆ ಉಟ್ಟಿದ್ದು ಬೇರೆಯವು ಒಗೆಯಲು ಹಾಕಿದ್ದರಿಂದ.

ನೀವು ಬಂದು ಕುರ್ಚಿಯ ಅಂಚಿನಲ್ಲಿ, ಸಾಲ ಕೇಳಲು ಬಂದ ನೆಂಟನ ಹಾಗೆ ಕೂತಿರಿ. ನಿಮ್ಮ ಅಕ್ಕ ಎದುರಿಗೇ ಇದ್ದರು. ಈ ಮನುಷ್ಯನಿಗೆ ಇದು ತನ್ನ ಮನೆ ಅನ್ನಿಸುವ ಹಾಗೆ ಏನಾದರೂ ಮಾಡಬೇಕು ಎಂದು ನನಗೆ ತಡೆಯಲಾಗಲಿಲ್ಲ. ಗುಂಡಿಯ ಡಬ್ಬಕ್ಕೆ ಕೈ ಹಾಕಿ, ಮುಷ್ಟಿ ಮುಚ್ಚಿ ನಿಮ್ಮ ಮುಂದೆ ಹಿಡಿದು, ‘ಸರಿಯೋ, ಬೆಸವೋ?’ ಅಂದೆ.

ಮದುವೆಯಾದ ಹೊಸದರಿಂದ ಅದು ನಮ್ಮಿಬ್ಬರ ಆಟ. ಸೋತವರು ಚಹಾ ಮಾಡುವುದು, ಸೋತವರು ಹಾಸಿಗೆಯಿಂದೆದ್ದು ದೀಪ ಆರಿಸುವುದು, ಮುನಿಸಿಕೊಂಡಿದ್ದರೆ ಸೋತವರೇ ಮೊದಲು ಮಾತಾಡುವುದು. ಬಾಯಿಬಿಟ್ಟು ಪ್ರೀತಿ ಹೇಳಿದವರು ನೀವೂ ಅಲ್ಲ, ನಾನೂ ಅಲ್ಲ. ಆ ಕೆಲಸವನ್ನೆಲ್ಲ ಗುಂಡಿಗಳೇ ಮಾಡುತ್ತಿದ್ದವು.

ನಿಮ್ಮ ಮುಖದ ಬಣ್ಣ ಇಳಿದುಹೋಯಿತು. ನನ್ನ ಮುಷ್ಟಿಯನ್ನೇ ನೋಡಿದಿರಿ, ಕೈ ಮುಂದೆ ಬಂತು, ಹಿಂದೆ ಹೋಯಿತು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು ‘ಬರ್ತೀನಿ’ ಅಂದು ಹೊರಟೇಬಿಟ್ಟಿರಿ. ಮಗಳು ‘ನಾನೇನಾದ್ರೂ ಮಾಡಿದ್ನಾ ಅಮ್ಮಾ?’ ಅಂತ ಕೇಳಿದಳು. ನಿಮ್ಮ ಅಕ್ಕ ‘ಆಟ ಬಿಟ್ಟಿದಾನಂತೆ, ಸೊಕ್ಕು ಬಿಟ್ಟಿಲ್ಲ ನೋಡು. ಹುಟ್ಟುಗುಣ ಸುಟ್ರೂ ಹೋಗಲ್ಲ’ ಅಂದರು. ನಾನು ಅವರ ಮಾತಿಗೆ ಇಲ್ಲ ಅನ್ನಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗಿತ್ತು.

ಈಗ ನಿಮಗೆ ಗೊತ್ತಿಲ್ಲದ ಒಂದು ಸಂಗತಿ. ನೀವು ಮನೆ ಬಿಟ್ಟು, ಕೆಲಸ ಮಾಡುವ ಆ ಬುಕ್ ಬೈಂಡಿಂಗ್ ಅಂಗಡಿಯ ಅಟ್ಟಕ್ಕೆ ಹೋಗಿ ಸೇರಿಕೊಂಡಾಗಿನಿಂದ ನಾನು ಒಬ್ಬಳೇ ಆ ಆಟ ಆಡುತ್ತಿದ್ದೆ. ಒಂದು ಹಿಡಿ ಗುಂಡಿ ತೆಗೆದು ಮೇಜಿನ ಮೇಲೆ ಹರಡುವುದು. ಸರಿ ಬಂದರೆ ನೀವು ವಾಪಸು ಬರುತ್ತೀರಿ, ಬೆಸ ಬಂದರೆ ಇಲ್ಲ. ಬೆಸ ಬಂದರೆ ನನ್ನ ವಕೀಲಿಕೆ ನೋಡಬೇಕಿತ್ತು: ಇದು ಒಡೆದ ಗುಂಡಿ, ಲೆಕ್ಕಕ್ಕಿಲ್ಲ, ಇದು ಹುಕ್ಕು, ಗುಂಡಿಯೇ ಅಲ್ಲ. ಸರಿ ಬಂದರೂ ನಿಲ್ಲಿಸುತ್ತಿರಲಿಲ್ಲ, ಖಾತ್ರಿಗೆ ಇನ್ನೊಂದು ಸಲ. ಮೊದಮೊದಲು ಅಂಗಡಿ ಬಾಗಿಲು ಹಾಕುವಾಗ ಮಾತ್ರ ಇತ್ತು. ಬರಬರುತ್ತಾ ಹೊಲಿಯುವ ನಡುವೆ, ಊಟದ ನಡುವೆ, ಮಗಳಿಗೆ ಜಡೆ ಹಾಕುವ ನಡುವೆ.

ಸೋಮವಾರ ನರ್ಸಮ್ಮ ಒಬ್ಬರು ತಮ್ಮ ಯೂನಿಫಾರ್ಮ್ ತೆಗೆದುಕೊಳ್ಳಲು ಬಂದು ಎದುರಿಗೇ ನಿಂತಿದ್ದಾರೆ. ಕರೆದಿದ್ದಾರೆ, ನನಗೆ ಕೇಳಿಸಿಯೇ ಇಲ್ಲ. ಕೊನೆಗೆ ‘ಅಕ್ಕಾ, ಡ್ಯೂಟಿಗೆ ಹೊತ್ತಾಯ್ತು’ ಅಂತ ಮೇಜು ತಟ್ಟಿದರು. ನಾನು ತಲೆ ಎತ್ತದೆ ‘ಇದೊಂದ್ಸಲ, ಇದೇ ಕೊನೆ’ ಅಂದೆ.

ಹಾಗೆ ಅಂದವಳೇ ಬೆಚ್ಚಿಬಿದ್ದೆ. ಅದು ನಿಮ್ಮ ಮಾತು. ತಟ್ಟೆಯಲ್ಲಿ ಅನ್ನ ಆರುತ್ತಿರುವಾಗ ಫೋನಿನ ಇಸ್ಪೀಟಿನಿಂದ ಕಣ್ಣು ಕೀಳದೆ ನೀವು ಹೇಳುತ್ತಿದ್ದ ಮಾತು, ಅದೇ ದನಿಯಲ್ಲಿ ನನ್ನ ಬಾಯಿಂದ ಬಂತು. ಆಕೆಗೆ ಬಟ್ಟೆ ಕೊಟ್ಟು ಕಳಿಸಿ ಷಟರ್ ಅರ್ಧ ಎಳೆದು ಅತ್ತೆ.

ನಿಮ್ಮದು ದುಡ್ಡಿನ ಆಸೆ ಎಂದೇ ಇಷ್ಟು ದಿನ ತಿಳಿದಿದ್ದೆ. ಅಲ್ಲ. ಮುಷ್ಟಿ ಇನ್ನೂ ಮುಚ್ಚಿರುವಾಗ ಎಲ್ಲವೂ ಸರಿಹೋಗಬಹುದು ಅನ್ನಿಸುತ್ತದಲ್ಲ, ಆ ಒಂದು ಕ್ಷಣಕ್ಕಾಗಿ ನೀವು ನಮ್ಮನ್ನೆಲ್ಲ ಬಿಟ್ಟಿದ್ದಿರಿ. ಭಾನುವಾರ ನೀವು ಎದ್ದು ಓಡಿದ್ದೂ ಅದಕ್ಕೆ ಹೆದರಿಯೇ, ನನ್ನ ಮೇಲಿನ ಸಿಟ್ಟಿನಿಂದ ಅಲ್ಲ. ‘ಇದು ನನ್ನ ಕೈಲಿ ಆಗಲ್ಲ ಕಣೇ’ ಎಂದು ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನಾನಾದರೂ ಎಂಥವಳು, ಆಟ ಬಿಡಲು ಒದ್ದಾಡುತ್ತಿರುವವರ ಮುಂದೆ ಪ್ರೀತಿಯಿಂದ ಆಟವನ್ನೇ ತಂದು ಹಿಡಿದೆ.

ನಿನ್ನೆ ಕೂತು ಗುಂಡಿಗಳನ್ನೆಲ್ಲ ಬಣ್ಣಬಣ್ಣಕ್ಕೆ ದಾರದಲ್ಲಿ ಪೋಣಿಸಿ ಮೊಳೆಗೆ ತೂಗುಹಾಕಿದೆ. ಒಂದು ಬೇಕಾದರೆ ಇಡೀ ಸರ ಬಿಚ್ಚಬೇಕು, ಇರಲಿ. ಬೆಳಗಿನಿಂದ ಕೈ ಸುಮ್ಮನೆ ಡಬ್ಬವಿದ್ದ ಕಡೆ ಹೋಗುತ್ತಿದೆ. ನನಗೇ ಹೀಗಾದರೆ ನಿಮಗೆ ಹೇಗಾಗುತ್ತಿರಬೇಕು?

ಹಾಗೆಂದು ಇವಳು ಕರಗಿಹೋದಳು ಅಂದುಕೊಳ್ಳಬೇಡಿ. ನಾನು ಊರಲ್ಲಿಲ್ಲದಾಗ ಬಟ್ಟೆಯಂಚು ಹೊಲಿಯುವ ನನ್ನ ಓವರ್‌ಲಾಕ್ ಯಂತ್ರವನ್ನು ಇಸ್ಪೀಟಿನ ಸಾಲಕ್ಕೆ ಮಾರಿದ್ದನ್ನು ಮರೆತಿಲ್ಲ. ಅದರ ಕಾಲಿನ ಗುರುತು ನೆಲದ ಮೇಲಿದೆ, ಅಲ್ಲಿ ಬೇರೇನೂ ಇಟ್ಟಿಲ್ಲ. ನೀವು ತುಂಬಾ ನೆನಪಾದಾಗ ಅಲ್ಲಿ ಹೋಗಿ ನಿಲ್ಲುತ್ತೇನೆ, ಸಿಟ್ಟು ಬರಲಿ ಅಂತ. ಮೊದಲೆಲ್ಲ ಬರುತ್ತಿತ್ತು. ನನಗೆ ಕತ್ತರಿ ಎಂದು ಹೆಸರಿಟ್ಟವರು ನೀವು. ನನ್ನ ನಾಲಿಗೆ ನಿಮಗೆ ಗೊತ್ತೇ ಇದೆ, ಬಂದ ಮೇಲೆ ಅದನ್ನೂ ಕೇಳಬೇಕಾಗುತ್ತದೆ.

‘ಇನ್ನೆಂದೂ ಆಡಲ್ಲ, ಮಗಳ ತಲೆ ಮೇಲೆ ಆಣೆ’ ಎಂದು ಬರೆದಿದ್ದೀರಿ. ಅದು ನನಗೆ ಬೇಡ. ಆಣೆ ಇಡುವುದೆಂದರೆ ಅವಳನ್ನೇ ಪಣಕ್ಕಿಟ್ಟ ಹಾಗಲ್ಲವೇ? ಎಂದೆಂದಿನ ಮಾತು ನಿಮ್ಮ ಕೈಲಿಲ್ಲ, ನನ್ನ ಕೈಲೂ ಇಲ್ಲ. ಸಂಜೆ ಬಂದು, ಇವತ್ತು ಆಡಲಿಲ್ಲ ಅನ್ನಿ. ಆಡಿದ್ದರೆ ಆಡಿದೆ ಅನ್ನಿ, ಜಗಳವಾಡೋಣ. ಸುಳ್ಳು ಮಾತ್ರ ಬೇಡ. ಜೂಜು ಬಿಡುತ್ತಿರುವವರು ಸೋಮವಾರ ಸೇರುವ ನಿಮ್ಮ ಗುಂಪಿಗೆ ಹೋಗುವುದನ್ನು ಬಿಡಬೇಡಿ. ಮನೆಯವರೂ ಬರಬಹುದಾದರೆ ನಾನೂ ಬಂದು ಕೂರುತ್ತೇನೆ.

ಹಾಸಿಗೆಯ ನಿಮ್ಮ ಕಡೆ ಹೊಲಿಯಬೇಕಾದ ಬಟ್ಟೆಗಳನ್ನು ಗುಡ್ಡೆ ಹಾಕಿದ್ದೇನೆ, ಬರಿದಾಗಿ ಕಾಣಬಾರದೆಂದು. ಮಗ್ಗುಲಾದಾಗ ಕೈ ತಗುಲಿದರೆ ಒಂದು ಗಳಿಗೆ ಮೋಸಹೋಗುತ್ತೇನೆ. ಗೋಂದಿನ ವಾಸನೆಯ ನಿಮ್ಮ ಕೈ ಬೇಕು ನನಗೆ. ಇದನ್ನು ಹೇಳಲು ಇಷ್ಟುದ್ದ ಬರೆಯಬೇಕಾಯಿತು.

ಇನ್ನು ಮುಂದೆ ಏನಾದರೂ ಬೇಕಾದವರು ಬಾಯಿಬಿಟ್ಟು ಕೇಳುವುದು. ನಾನೇ ಮೊದಲು ಕೇಳುತ್ತೇನೆ. ಮನೆಗೆ ಬನ್ನಿ.

ನಿಮ್ಮ
ಕತ್ತರಿ

ತಾ.ಕ.: ಭಾನುವಾರ ನೀವು ಬೆಲ್ ಒತ್ತುವ ಮೊದಲು ನಿಮ್ಮ ಹಳೆಯ ಕೀಲಿಯನ್ನು ಬೀಗಕ್ಕೆ ಹಾಕಿ ತಿರುಗಿಸಿದ್ದು ಒಳಗೆ ನನಗೆ ಕೇಳಿಸಿತ್ತು. ಅದು ತಿರುಗಲಿಲ್ಲ. ನೀವು ಯಾಕೆ ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀವು ಮನೆ ಬಿಟ್ಟು ಹೋದ ಮರುದಿನವೇ ಬೀಗ ಬದಲಾಯಿಸಿಬಿಟ್ಟಿದ್ದೆ. ಬೀಗದವನು ‘ಎಷ್ಟು ಕೀಲಿ ಮಾಡ್ಲಮ್ಮಾ?’ ಅಂತ ಕೇಳಿದಾಗ, ಅಷ್ಟು ಸಿಟ್ಟಿನಲ್ಲೂ, ‘ನನಗೊಂದು, ಅವರಿಗೊಂದು’ ಅಂದಿದ್ದೆ. ನಿಮ್ಮದು ಈ ಲಕೋಟೆಯಲ್ಲಿದೆ.