ನಮ್ಮ ಮನೆಯನ್ನು ಕೊಟ್ಟಿಗೆ ಎಂದು ಬರೆದುಕೊಂಡವರಿಗೆ

ಹಕ್ಕುಪತ್ರಕ್ಕೆ ಸಹಿ ಹಾಕುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ತಮ್ಮ ಕಚೇರಿಯ ದಯೆಯಿಂದ ನಾನು, ನನ್ನ ತಂಗಿ ದೀಪಿಕ ಮತ್ತು ನಮ್ಮಜ್ಜಿ ಹೊಂಬಾಳಮ್ಮ ಈಗ ಅಧಿಕೃತವಾಗಿ ಜಾನುವಾರುಗಳು. ಮದ್ದೂರು–ಮಳವಳ್ಳಿ ರಸ್ತೆಯಿಂದ ತುಸು ಒಳಗಿರುವ ನಮ್ಮ ದಲಿತ ಕೇರಿಯಲ್ಲಿ ಅಜ್ಜಿ ತಾನೇ ಮಣ್ಣು ಹೊತ್ತು ಕಟ್ಟಿದ ಮನೆಯನ್ನು ತಮ್ಮ ಸಿಬ್ಬಂದಿ ಪರಿಶೀಲಿಸಿ, 'ದನದ ಕೊಟ್ಟಿಗೆ' ಎಂದು ವರದಿ ಕೊಟ್ಟಿದ್ದಾರೆ. ಕೊಟ್ಟಿಗೆಗೆ ವಾಸದ ಮನೆಯ ಹಕ್ಕುಪತ್ರ ಕೊಡಲು ಬರುವುದಿಲ್ಲವಂತೆ. ಆಗಲಿ ಸ್ವಾಮಿ. ಮುಂದಿನ ಕಾಲುಬಾಯಿ ಜ್ವರದ ಲಸಿಕೆಗೆ ನಾವು ಮೂವರೂ ಬಂದು ಸಾಲಾಗಿ ನಿಲ್ಲಬೇಕೋ, ಇಲ್ಲಾ ಡಾಕ್ಟರು ಮನೆಗೇ, ಕ್ಷಮಿಸಿ, ಕೊಟ್ಟಿಗೆಗೇ ಬರುತ್ತಾರೋ?

ಆದದ್ದಿಷ್ಟು. ತಮ್ಮ ಕಡೆಯ ಮಹಾಶಯರು ಬಂದರು, ಟೇಪು ಹಿಡಿದರು, ಬಾಗಿಲ ಬುಡ ನೋಡಿ ನಿಂತುಬಿಟ್ಟರು.

"ಹೊಸ್ತಿಲೆಲ್ಲಮ್ಮ?"

"ಇಕ್ಕಿಲ್ಲ ಕಣಪ್ಪ," ಎಂದಳು ಅಜ್ಜಿ. "ಹೊಸ್ಲು ಇಕ್ಕುದ್ರೆ ಪೂಜೆ ಮಾಡಿ ಒಕ್ಲಾಗ್ಬೇಕು. ಜಾಗ ನಿಂದೇಯ ಅಂತ ಸರ್ಕಾರ ಬರ್ಕೊಡ್ಲಿ, ಅವತ್ತೇ ಇಕ್ತೀನಿ. ಇನ್ನೊಬ್ರ ಜಾಗ್ದಲ್ಲಿ ಹೊಸ್ಲು ಪೂಜೆ ಮಾಡಕ್ಕಾಯ್ತದ?"

ಸರ್ಕಾರದ ಮಾತಿಗೆ ಇಷ್ಟು ಬೆಲೆ ಕೊಟ್ಟು, ತಾನು ಕಟ್ಟಿದ ಮನೆಗೆ ಗೃಹಪ್ರವೇಶವನ್ನೇ ಮಾಡದೆ ಕುಳಿತ ಪ್ರಜೆ ಈ ಜಿಲ್ಲೆಯಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ. ಪತ್ರ ಬಾರದೆ ಹೊಸ್ತಿಲಿಡುವುದಿಲ್ಲ ಎಂದು ಅವಳು, ಹೊಸ್ತಿಲಿಲ್ಲದ್ದು ಮನೆಯೇ ಅಲ್ಲ ಎಂದು ತಾವು. ಹಾಗಿದ್ದರೆ ಒಳಗಿರುವ ಟಿ.ವಿ. ಯಾವ ಎಮ್ಮೆಯದು? ಮಿಕ್ಸಿಯಲ್ಲಿ ಖಾರ ರುಬ್ಬುವ ಹಸು ಯಾವುದು? ಕಂದಾಯ ವಸೂಲಿಗೆ ಬಂದಾಗ ಮನೆಯಾಗಿ ಕಂಡದ್ದು ಹಕ್ಕು ಕೇಳಿದ ಕೂಡಲೇ ಕೊಟ್ಟಿಗೆಯಾಗುವುದು ಯಾವ ಕಣ್ಕಟ್ಟು? ನಾನೇ ಹೆದರಿ, "ಒಂದು ಹಲ್ಗೆ ತಂದು ಹೊಡುಸ್ಬುಡ್ತೀನಿ ಬುಡಜ್ಜಿ," ಎಂದೆ. "ಅವನ್ಗೆ ಎದ್ರುಕೊಂಡು ಹೊಸ್ಲು ಇಕ್ಕೀಯಾ? ಸುಮ್ಕಿರೇ!" ಎಂದು ಗದರಿದಳು.

ಒಂದು ಪತ್ರಕ್ಕೆ ಇಷ್ಟೊಂದು ರಂಪ ಯಾಕೆ ಎಂದು ತಾವು ಕೇಳಬಹುದು. ನನ್ನ ಸಹಪಾಠಿ ಯತೀಶನ ಮನೆತನ ನೋಡಿ. ಊರೊಳಗಿನ ಜಮೀನುದಾರರು. ಅವನ ತಾತ ಒಂದು ಮನೆ ಬಿಟ್ಟುಹೋದರು. ಅಪ್ಪ ಅದನ್ನು ಬ್ಯಾಂಕಿಗೆ ಅಡವಿಟ್ಟು ಆಲೆಮನೆ ಹಾಕಿದರು. ಬೆಲ್ಲದ ದುಡ್ಡಿನಲ್ಲಿ ಯತೀಶ ಓದಿ, ಮಂಡ್ಯದಲ್ಲಿ ಇನ್ನೊಂದು ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದಾನೆ. ಒಳ್ಳೆಯ ಹುಡುಗ, ನನಗೇನೂ ಹೊಟ್ಟೆಕಿಚ್ಚಿಲ್ಲ. ಸುಳ್ಳು ಯಾಕೆ, ಸ್ವಲ್ಪ ಇದೆ. ನಮ್ಮಜ್ಜಿ ಗೋಡೆ ಎತ್ತಿದ್ದೂ ಆ ತಾತನ ಕಾಲದಲ್ಲೇ. ಆ ಗೋಡೆಯನ್ನು ನಂಬಿ ನಾನು ಹೊಲಿಗೆ ಅಂಗಡಿಗೆ ಸಾಲ ಕೇಳಲು ಹೋದರೆ, "ಪತ್ರ ಇಲ್ಲದ ಮನೆ ನಮ್ಮ ಕಣ್ಣಿಗೆ ಕಾಣಲ್ಲಮ್ಮ," ಎಂದರು ಬ್ಯಾಂಕಿನವರು. ಹಾಗಾಗಿ ಇವತ್ತಿಗೂ ಮದ್ದೂರಿನ ಗಾರ್ಮೆಂಟ್ಸಿನಲ್ಲಿ ಬೇರೆಯವರ ಮಿಷನ್ನು ತುಳಿಯುತ್ತಿದ್ದೇನೆ. ತಳಿಗೆ ಹೆಸರಾದ ಪಕ್ಕದ ಬಂಡೂರಿನ ಕುರಿಯನ್ನು ಕೊಳ್ಳುವಾಗ ಅದರ ಅಪ್ಪ ಯಾರು, ಅಜ್ಜ ಯಾರು ಎಂದು ವಿಚಾರಿಸುತ್ತಾರೆ. ನಮ್ಮ ಅಜ್ಜಿ ಯಾರೆಂದು ವಿಚಾರಿಸುವವರೇ ಇಲ್ಲ.

ಕಳೆದ ವಾರ ನಾನು ಕಚೇರಿಗೆ ಬಂದಾಗ ತಾವೇ ದೊಡ್ಡ ಮನಸ್ಸು ಮಾಡಿ ದಾರಿ ತೋರಿಸಿದಿರಿ: "ಮುದುಕಿ ಇನ್ನೆಷ್ಟು ದಿನ? ನಿನ್ನ ಹೆಸರಿಗೇ ಹೊಸದಾಗಿ ಅರ್ಜಿ ಹಾಕಮ್ಮ, ಬೇಗ ಮಾಡಿಸಿಕೊಡ್ತೀನಿ." ತಮಾಷೆ ಸಾಕು, ಈಗ ನಿಜ ಹೇಳುತ್ತೇನೆ. ಅಜ್ಜಿಗೆ ಕೆಮ್ಮು ಹತ್ತಿದರೆ ಬಿಡುವುದಿಲ್ಲ, ನನಗೆ ಭಯವಾಗಿದೆ. ಆದರೂ ನಾನು ಹೂಂ ಅನ್ನಲಿಲ್ಲ, ಅನ್ನುವುದೂ ಇಲ್ಲ. ನನ್ನ ಹೆಸರಿಗೆ ಕೊಟ್ಟರೆ ಅದು ಸರ್ಕಾರ ಕೊಟ್ಟ ಮನೆ. ಅಜ್ಜಿಯ ಹೆಸರಿಗೆ ಕೊಟ್ಟರೆ, ಮುಂದೊಂದು ದಿನ ಅದು ನಮಗೆ ಅಜ್ಜಿ ಬಿಟ್ಟುಹೋದ ಮನೆ. ನಮ್ಮ ವಂಶದಲ್ಲಿ ಇಲ್ಲಿಯವರೆಗೆ ಯಾರೂ ಯಾರಿಗೂ ಏನನ್ನೂ ಬಿಟ್ಟುಹೋಗಿಲ್ಲ ಸ್ವಾಮಿ. ಮೊದಲನೆಯವಳು ಹೊಂಬಾಳಮ್ಮನೇ ಆಗಬೇಕು. ಅವಳು ಉಸಿರಾಡುತ್ತಿರುವಾಗಲೇ, ಅವಳ ಹೆಸರಿಗೇ ಹಕ್ಕುಪತ್ರ ಕೊಡಿ.

ಇಂತಿ,
ಪಿತ್ರಾರ್ಜಿತ ಆಸ್ತಿ ಎಂಬ ಕಾಲಂ ಕಂಡಲ್ಲೆಲ್ಲ ಗೀಟು ಎಳೆಯುತ್ತಾ ಬಂದಿರುವ
ಅರುಂಧತಿ