ನಾನೂರು ಡಿಗ್ರಿಯ ಸೀಸೆ

ಕುಲುಮೆ ಕೋಣೆಯ ಮಾಜಿ ಮಹಾರಾಣಿಯವರ ಸನ್ನಿಧಾನಕ್ಕೆ, ತಮ್ಮ ಏಕಮಾತ್ರ ಅಯೋಗ್ಯ ಸಹಾಯಕನ ವರದಿ.

ಅಕ್ಕಾ, ಇವತ್ತು ಮಧ್ಯಾಹ್ನ ನಿನ್ನ ಅದಿರು ಮತ್ತೆ ಬೆಂದಿತು. ನೀನು ಬರೆದಿಟ್ಟು ಹೋದಂತೆಯೇ ಪುಡಿಗೆ ಗೊಬ್ಬರದ ಉಪ್ಪು ಬೆರೆಸಿ, ಸಾವಿರ ಡಿಗ್ರಿಯ ಬದಲು ಬರೀ ನಾನೂರರಲ್ಲಿ ಇಟ್ಟೆ. ಆಮೇಲೆ ನೀರಿಗೆ ಹಾಕಿದರೆ ಆ ಅಪರೂಪದ ಲೋಹ ಸಕ್ಕರೆಯಂತೆ ಕರಗಿ ಇಳಿಯಿತು. ನೂರಕ್ಕೆ ತೊಂಬತ್ತು ಪಾಲು. ನಿನಗೂ ಅಷ್ಟೇ ಬಂದಿತ್ತು.

ಓಡಿಹೋಗಿ ಮೇಷ್ಟ್ರಿಗೆ ತೋರಿಸಿದೆ.

"ಈ ಸಲ ಕುಲುಮೆ ಮೀಟರಿಗೆ ಏನ್ ಮಾಡಿದೀಯಪ್ಪಾ?"

"ಮುಟ್ಟೇ ಇಲ್ಲ ಸಾರ್."

"ಆಯ್ತಾಯ್ತು. ಹೋದ್ ವರ್ಷ ಒಳಗೆ ಸಾವಿರ ಇದ್ರೂ ನಾನೂರು ತೋರಿಸೋ ಹಾಗೆ ಮಾಡಿ ಅವಳನ್ನ ಮಂಗ ಮಾಡಿದ್ಯಲ್ಲ, ಸಾಲದಾ?"

ಇಡೀ ಕೋಣೆ ನಕ್ಕಿತು. ಮೂರು ಸಲ ಹೇಳಿದೆ, ಮೂರು ಸಲವೂ ನಕ್ಕರು. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ತಕ್ಕಡಿಯ ತಟ್ಟೆಗೆ ಅಯಸ್ಕಾಂತ ಅಂಟಿಸಿದವನು ನಾನೇ. ಮೇಷ್ಟ್ರ ಕುರ್ಚಿಗೆ 'ಅಪಾಯ' ಎಂಬ ಫಲಕ ತೂಗುಹಾಕಿದವನೂ ನಾನೇ. ಹೋದ ವರ್ಷ ನೀನು ನಾನೂರರಲ್ಲೇ ಲೋಹ ಇಳಿಸಿದಾಗ ನಿನ್ನ ಮೀಟರನ್ನು ಮಾತ್ರ ಮುಟ್ಟಿರಲಿಲ್ಲ. ಎಲ್ಲರೂ "ಇದು ಇವನದೇ ಕಿತಾಪತಿ" ಎಂದು ಬೆನ್ನು ತಟ್ಟಿದಾಗ, ಸ್ಟೂಲಿನ ಮೇಲೆ ನಿಂತು ಗಂಭೀರವಾಗಿ ತಲೆಬಾಗಿದೆ. ಚಪ್ಪಾಳೆ ಬಿತ್ತು.

ಕೆಲಸ ಬಿಟ್ಟು ಹೊರಟ ದಿನ ನೀನು ಏಪ್ರನ್ ಮಡಿಸುತ್ತಾ, "ನಿಜ ಹೇಳೋ, ಮುಟ್ಟಿದ್ಯಾ?" ಎಂದು ಕೇಳಿದೆ. ನಾನು ಇನ್ನೂ ಕೆಳಕ್ಕೆ ಬಾಗಿದೆ.

ಇವತ್ತು ಲೋಹ ಕರಗಿದ ನೀರನ್ನು ಸೀಸೆಗೆ ತುಂಬಿ, ಚೀಟಿಯ ಮೇಲೆ ನಿನ್ನ ಹೆಸರು ಬರೆದು ಮೇಷ್ಟ್ರ ಮೇಜಿನ ಮೇಲೆ ಇಟ್ಟಿದ್ದೇನೆ. ಬಂದವರೆಲ್ಲ ಅದನ್ನು ಓದಿ ನಗುತ್ತಿದ್ದಾರೆ. ನನ್ನ ತಮಾಷೆಗಳಲ್ಲೆಲ್ಲ ಇದೇ ಚೆನ್ನಾಗಿದೆಯಂತೆ.