ಹದಿನೇಳನೇ ಪ್ರಶ್ನೆಗೆ ಉತ್ತರ

ಮನೆಯಿಂದ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೧, ಮಂಗಳವಾರ ಬೆಳಿಗ್ಗೆ

ನನ್ನ ಮುದ್ದು ತಂಗಿ ಪಿಟೀಲಿಗೆ,

ಹೇಗಿದ್ದೀಯೇ? ಮಂಡಿ ನೋವು ಹೇಗಿದೆ, ಮೆಟ್ಟಿಲು ಹತ್ತೋವಾಗ ಇನ್ನೂ ಕಟಕಟ ಅನ್ನುತ್ತಾ? ಬಿಪಿ ಮಾತ್ರೆ ತಪ್ಪಿಸಬೇಡ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಕಂಡೋರಿಗೆಲ್ಲ ಗದರಿಸಿ ಮಾತ್ರೆ ನುಂಗಿಸಿದ ನರ್ಸಮ್ಮ ನೀನು, ನಿನಗೆ ಮಾತ್ರ ಮಾತ್ರೆ ಅಂದ್ರೆ ಆಗಲ್ಲ. ಹೊಲಿಗೆ ಮೆಷಿನ್ನು ಯಾರಿಗೋ ಕೊಟ್ಟುಬಿಟ್ಟೆ, ಬೇಜಾರು ಬಂದಿತ್ತು ಅಂತ ಬರೆದಿದ್ದೆ. ಹೊಲಿಗೆಗೆ ಬೇಜಾರು ಮಾಡಿಕೊಳ್ಳೋ ಆಸಾಮಿಯೇ ಅಲ್ಲ ನೀನು. ಅಡುಗೆಮನೆ ಬಲ್ಬು ಮಂದ ಅಂತಲೂ ಬರೆದಿದ್ದೆ, ಬದಲಾಯಿಸಿದ್ಯಾ? ನಾನು ಗುಂಡುಕಲ್ಲಿನ ಹಾಗೆ ಇದ್ದೀನಿ. ಹಸಿವು, ನಿದ್ದೆ, ಸಿಟ್ಟು ಮೂರೂ ಹೊತ್ತುಹೊತ್ತಿಗೆ ಸರಿಯಾಗಿ ಬರುತ್ತವೆ.

ಕವರು ಈ ಸಲ ದಪ್ಪಗಿದೆ ಅಂತ ಗಾಬರಿ ಬೀಳಬೇಡ, ಏನೂ ಆಗಿಲ್ಲ. ನನ್ನ ಪೆನ್ನು ಕೈಕೊಟ್ಟಿತು. ಕೆಳಗಿನ ಅಂಗಡಿಯ ಬೀಗದವನು ಡಬ್ಬಗಳ ಮೇಲೆ ನಂಬರು ಬರೆಯೋಕೆ ಇಟ್ಟುಕೊಂಡಿದ್ದ ದಪ್ಪ ಪೆನ್ನು ಇಸಕೊಂಡು ಬಂದಿದ್ದೀನಿ. ಹಾಳೆ ಸಿಕ್ಕಾಪಟ್ಟೆ ಖರ್ಚಾಗುತ್ತೆ, ಆಗಲಿ ಬಿಡು. ಫೋನು ಮಾಡಬಹುದಿತ್ತಲ್ಲ ಅಂತೀಯ. ಫೋನಿನಲ್ಲಿ ಮೂರು ನಿಮಿಷ ದಾಟಿದರೆ ನಮ್ಮಿಬ್ಬರಿಗೂ ಜಗಳ ಆಗೋದು ಗ್ಯಾರಂಟಿ. ಕಾಗದದಲ್ಲಾದ್ರೆ ನೀನು ಮಧ್ಯೆ ಬಾಯಿ ಹಾಕೋಕೆ ಆಗಲ್ಲ.

ಈಗ ವಿಷಯಕ್ಕೆ ಬರ್ತೀನಿ. ಮೂರು ವರ್ಷದಿಂದ ನನ್ನ ಪ್ರಾಣ ತಿಂದೆ, ಒಬ್ಬನೇ ಇದ್ದು ಏನು ಮಾಡ್ತೀಯ, ಬಚ್ಚಲಲ್ಲಿ ಬಿದ್ದರೆ ಎತ್ತೋರಿಲ್ಲ, ನನ್ನ ಹತ್ತಿರ ಬಂದುಬಿಡು ಅಂತ. ನಿಮ್ಮ ದೇಶದವರು ನಿವೃತ್ತರಿಗೆ ಅಂತಲೇ ವಾಸದ ಪರವಾನಗಿ ಕೊಡ್ತಾರೆ ಅಂತ ನೀನೇ ಫಾರಂ ಕಳಿಸಿದೆ. ಕೊನೆಗೆ ನಾನು ಅರ್ಜಿ ಹಾಕಿದ್ದೂ ನಿನಗೆ ಗೊತ್ತು. ಗೊತ್ತಿಲ್ಲದ್ದು ಏನು ಅಂದ್ರೆ, ನಿನ್ನೆ ಅದು ವಾಪಸ್ ಬಂತು. ಒಂದು ಪದ ತಪ್ಪಿದೆಯಂತೆ. ಶುಕ್ರವಾರ ಸಂಜೆಯೊಳಗೆ ತಿದ್ದಿ ಕೊಡದೆ ಇದ್ದರೆ ಅರ್ಜಿ ರದ್ದು, ಆಮೇಲೆ ಎರಡು ವರ್ಷ ಮತ್ತೆ ಹಾಕೋ ಹಾಗಿಲ್ಲ. ಎರಡು ವರ್ಷ ಕಳೆದರೆ ನನಗೆ ಎಪ್ಪತ್ತು ದಾಟುತ್ತೆ. ದಾಟಿದವರನ್ನು ಅವರು ಹೊಸದಾಗಿ ತಗೊಳ್ಳಲ್ಲ.

ನನ್ನ ಅರ್ಜಿಯಲ್ಲಿ ತಪ್ಪು ಅಂದ್ರೆ ನಿನಗೆ ನಗು ಬರುತ್ತೆ, ನಗು. ನನಗೂ ಮೊದಲು ನಂಬಿಕೆ ಬರಲಿಲ್ಲ. ಯಾಕಂದ್ರೆ ಎಲ್ಲಾ ಕಾಗದವನ್ನೂ ನಾನು ಎರಡೆರಡು ಸಲ ಅಳೆದು ನೋಡಿದ್ದೆ. ಫೋಟೋ ಇಷ್ಟೇ ಉದ್ದ, ಇಷ್ಟೇ ಅಗಲ ಇರಬೇಕು ಅಂತ ನಿಯಮ. ಸ್ಟುಡಿಯೋದವನು ಒಂದು ಮಿಲಿಮೀಟರ್ ಕಮ್ಮಿ ಕತ್ತರಿಸಿದ್ದ, ಹಿತ್ತಾಳೆ ಸ್ಕೇಲು ಇಟ್ಟು ತೋರಿಸಿ ಮತ್ತೆ ಮಾಡಿಸಿದೆ. ಆದಾಯ ಪ್ರತಿ ತಿಂಗಳೂ ತಾನಾಗೇ ಬರಬೇಕು, ಸಂಬಳ ಇರಬಾರದು, ಮಕ್ಕಳು ಕಳಿಸೋ ದುಡ್ಡು ಲೆಕ್ಕಕ್ಕಿಲ್ಲ, ಪಿಂಚಣಿಯೇ ಆಗಬೇಕು. ನನ್ನ ಪಿಂಚಣಿ ಅವರು ಕೇಳಿದ್ದಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚಿದೆ. ಆ ಆದಾಯ ಶಾಶ್ವತ ಅಂತ ಪಿಂಚಣಿ ಆಫೀಸಿಂದ ಬರೆಸಿಕೊಂಡು ಬನ್ನಿ ಅಂದ್ರು. ಅಲ್ಲಿನ ಗುಮಾಸ್ತ ಹುಬ್ಬು ಗಂಟಿಕ್ಕಿ, ನೀವು ಇರೋವರೆಗೂ ಅಂತ ಮಾತ್ರ ಬರೀಬಹುದು, ಶಾಶ್ವತ ಅಂತ ನಿಮ್ಮ ಬಗ್ಗೆ ನಾನು ಹೇಗೆ ಬರೀಲಿ ಅಂದ. ಅವನ ಮಾತೂ ಸರಿಯೇ. ಇನ್ನು ವರ್ಷಕ್ಕೆ ನೂರ ಎಂಬತ್ತಮೂರು ದಿನ ಅಲ್ಲೇ ಇರಬೇಕು ಅನ್ನೋದು ಇನ್ನೊಂದು ನಿಯಮ. ಉಳಿದ ನೂರ ಎಂಬತ್ತೆರಡು ದಿನ ಇಲ್ಲಿಗೆ ಬರಬಹುದಾ ಅಂತ ಕೌಂಟರಿನ ಮೇಡಂನ ಕೇಳಿದೆ. ಬರಬಹುದು ಸಾರ್, ಬಂದು ಹೋಗಬಹುದು ಅಂದಳು. ನನ್ನ ಊರಿಗೆ ನಾನೇ ನೆಂಟ ಆಗೋ ಕಾಲ ಬಂತು ನೋಡು.

ಆ ಮೇಡಂ ಬಗ್ಗೆ ಹೇಳಬೇಕು. ಅರ್ಜಿ ಆಫೀಸು ಬ್ಯಾಂಕಿನ ಮೇಲಿನ ಮಹಡಿಯಲ್ಲಿದೆ, ನಾಲ್ಕು ಕೌಂಟರು, ಮೂರಕ್ಕೆ ಪರದೆ ಎಳೆದಿರುತ್ತೆ. ಇರೋ ಒಂದರಲ್ಲಿ ಇವಳು. ನಲವತ್ತರ ಆಸುಪಾಸು, ಕೊರಳಲ್ಲಿ ಕನ್ನಡಕದ ದಾರ, ಮೇಜಿನ ಮೇಲೆ ಕಾಗದ ಎಣಿಸೋ ರಬ್ಬರ್ ಬೆರಳುಟೋಪಿ. ನಿನ್ನೆ ನನ್ನ ಫಾರಂ ತೆರೆದಿಟ್ಟು ಹದಿನೇಳನೇ ಪ್ರಶ್ನೆಯ ಮೇಲೆ ಬೆರಳಿಟ್ಟಳು. ಸ್ವದೇಶಕ್ಕೆ ಮರಳಿ ಬಂದು ನೆಲೆಸುವ ಉದ್ದೇಶವಿದೆಯೇ, ಅಂತ ಪ್ರಶ್ನೆ. ಎದುರಿಗೆ ನನ್ನ ದುಂಡು ಅಕ್ಷರದಲ್ಲಿ, ಹೌದು. ಈ ಪರವಾನಗಿ ಅಲ್ಲೇ ಕೊನೆವರೆಗೂ ಇರೋರಿಗೆ ಸಾರ್, ವಾಪಸ್ ಬರ್ತೀನಿ ಅನ್ನೋರಿಗೆ ಬೇರೆ ಫಾರಂ, ಅದು ಮೂರೇ ತಿಂಗಳಿಗೆ ಅಂತ ಬಿಡಿಸಿ ಹೇಳಿದಳು. ನಿಮ್ಮೊಬ್ಬರ ಕಥೆಯಲ್ಲ, ನಮ್ಮೋರು ಹತ್ತರಲ್ಲಿ ಆರು ಜನ ಇಲ್ಲೇ ಎಡವೋದು, ಬೇರೆಯವರು ಯಾರೂ ಎಡವಲ್ಲ, ಇಲ್ಲ ಅಂತ ಬರೆಯೋಕೆ ನಮ್ಮೋರಿಗೆ ಕೈ ಬರಲ್ಲ ಅಂದಳು. ಸರಿಯಮ್ಮ, ತಿದ್ದಿ ತರ್ತೀನಿ ಅಂತ ಎದ್ದೆ. ಎದ್ದು, ಬರ್ತೀನಮ್ಮ ಅಂದೆ. ಅವಳು ನಕ್ಕುಬಿಟ್ಟಳು. "ನೋಡಿದ್ರಾ ಸಾರ್, ಮತ್ತೆ ಅದನ್ನೇ ಅಂದ್ರಿ."

ಮೆಟ್ಟಿಲು ಇಳಿಯೋವಾಗ ನನಗೂ ನಗು ಬಂತು. ಆದರೆ ಬೀದಿಗೆ ಬರೋ ಹೊತ್ತಿಗೆ ನಗು ನಿಂತಿತ್ತು ಕಣೇ. ನೀನು ಹೊರಟ ದಿನ ನೆನಪಾಯಿತು. ಆ ದಿನದ ಬಗ್ಗೆ ನಾವಿಬ್ಬರೂ ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಮಾತಾಡಿಲ್ಲ, ಈಗ ನಾನೇ ಎತ್ತುತ್ತೀನಿ. ನಿನಗೆ ಇಪ್ಪತ್ತಾರು. ನೀಲಿ ಸೂಟ್‌ಕೇಸು, ಅದರ ಒಂದು ಬೀಗ ಕೆಟ್ಟಿತ್ತು ಅಂತ ನಾನು ಹಗ್ಗ ಬಿಗಿದಿದ್ದೆ. ಟ್ಯಾಕ್ಸಿ ಹಾರನ್ನು ಹೊಡೀತಿತ್ತು. ಅಮ್ಮ ಬಾಗಿಲಲ್ಲಿ ನಿಂತು ಹೋಗಿ ಬಾ ಮಗಳೇ ಅಂದಳು. ನೀನು ತಿರುಗಿ, ಹೋಗ್ತೀನಮ್ಮ ಅಂದೆ. ಬಾಯಿ ತಪ್ಪಿ ಅಂದೆ ಅಂದುಕೊಂಡು ಅಮ್ಮ ಮೆಟ್ಟಿಲವರೆಗೂ ಬಂದು, ಬರ್ತೀನಿ ಅನ್ನೇ ಅಂತ ಬೇಡಿಕೊಂಡಳು. ನೀನು ಅವಳ ಕೈ ಹಿಡಿದುಕೊಂಡು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಸುಳ್ಳು ಯಾಕೆ ಹೇಳಲಿ ಅಮ್ಮಾ."

ಅವತ್ತು ನನಗೆ ಮೈಯೆಲ್ಲ ಉರಿದುಹೋಯ್ತು. ಎಂಥಾ ಕಲ್ಲು ಮನಸ್ಸು, ಒಂದು ಮಾತು ಅಂದಿದ್ದರೆ ಇವಳ ಗಂಟೇನು ಹೋಗ್ತಿತ್ತು ಅಂದುಕೊಂಡೆ. ಎರಡು ವರ್ಷ ನಿನಗೆ ಕಾಗದ ಬರೀಲಿಲ್ಲ. ಕೆಲಸದ ಒತ್ತಡ ಅಂತ ಆಮೇಲೆ ಸುಳ್ಳು ಹೇಳಿದೆ. ಅಮ್ಮ ಹೋದಾಗ ನೀನು ಮೂರು ದಿನ ತಡವಾಗಿ ಬಂದೆ, ಆಗಲೂ ನಾನು ನಿನಗೆ ಮುಖ ಕೊಟ್ಟು ಮಾತಾಡಲಿಲ್ಲ. ನಿನ್ನ ಅತ್ತಿಗೆ ಬದುಕಿರೋವರೆಗೂ ಈ ವಿಷಯಕ್ಕೆ ನನ್ನ ಬೈಯ್ತಾನೇ ಇದ್ದಳು, ತಂಗಿ ಮೇಲೆ ಎಂಥಾ ಹಗೆ ಸಾಧಿಸ್ತೀರಿ ಅಂತ. ಅವಳು ಹೋಗಿ ಆರು ವರ್ಷ ಆಯ್ತು, ಈಗ ಅವಳ ಮಾತು ತಲೆಗೆ ಹತ್ತುತ್ತಿದೆ. ನನ್ನ ಬುದ್ಧಿಯ ವೇಗ ನಿನಗೆ ಗೊತ್ತೇ ಇದೆ.

ನಾನು ಮೂವತ್ತನಾಲ್ಕು ವರ್ಷ ತೂಕ ಅಳತೆ ಇನ್ಸ್‌ಪೆಕ್ಟರ್ ಆಗಿದ್ದೋನು. ಅಂಗಡಿ ಅಂಗಡಿ ಸುತ್ತಿ, ತಕ್ಕಡಿ ತೂಗಿ, ಸರಿ ಇದ್ದರೆ ಮುದ್ರೆ, ತಪ್ಪಿದ್ದರೆ ಜಪ್ತಿ. ಹಣ್ಣಿನವನು ತಟ್ಟೆ ಕೆಳಗೆ ಅಂಟಿಸಿದ ಕಡ್ಲೆಕಾಯಿ ಗಾತ್ರದ ಸೀಸದ ಚೂರು ಹುಡುಕಿ ತೆಗೆದು, ಊರಿನ ಬಾಯಲ್ಲಿ ತಕ್ಕಡಿ ಅಂತ ಹೆಸರು ತಗೊಂಡೋನು. ಅಂಥವನು, ಹೋದರೆ ವಾಪಸ್ ಬರೋದಿಲ್ಲ ಅಂತ ಒಳಗೆ ಗೊತ್ತಿದ್ದೂ, ಸರ್ಕಾರಿ ಫಾರಂ ಮೇಲೆ ಹೌದು ಅಂತ ಸುಳ್ಳು ಬರೆದು ಕೆಳಗೆ ಸಹಿ ಹಾಕಿ ಕೊಟ್ಟು ಬಂದಿದ್ದೆ. ಇಪ್ಪತ್ತಾರು ವರ್ಷದ ಹುಡುಗಿ ನೀನು, ತಾಯಿ ಅಷ್ಟು ಬೇಡಿಕೊಂಡರೂ ಸುಳ್ಳು ಹೇಳಲಿಲ್ಲ. ಅವತ್ತು ನಿನಗೆ ಎಷ್ಟು ಕಷ್ಟ ಆಗಿರಬೇಕು ಅಂತ ನಿನ್ನೆ ಆ ಬೀದಿಯಲ್ಲಿ ನಿಂತಾಗ ನನಗೆ ಹೊಳೆಯಿತು. ತಪ್ಪು ನನ್ನದು ಪುಟ್ಟೀ. ನಿನ್ನದಲ್ಲ, ಯಾವತ್ತೂ ನಿನ್ನದಾಗಿರಲಿಲ್ಲ. ಕ್ಷಮಿಸು ಅಂತ ಕೇಳೋಕೆ ಇಷ್ಟು ವರ್ಷ ಹಿಡೀತು ಅನ್ನೋದಕ್ಕೂ ಸೇರಿಸಿ ಕ್ಷಮಿಸು.

ಇಷ್ಟೆಲ್ಲ ಗೊತ್ತಾದ ಮೇಲೂ ಫಾರಂ ಇಲ್ಲೇ ಮೇಜಿನ ಮೇಲೆ ಬಿದ್ದಿದೆ. ನಿನ್ನೆ ಸಂಜೆ ಎರಡು ಸಲ ಪೆನ್ನು ತೆಗೆದೆ, ಎರಡು ಸಲ ಮುಚ್ಚಿಟ್ಟೆ. ಎರಡಕ್ಷರ ಬರೆಯೋಕೆ ಇಷ್ಟು ಒದ್ದಾಟವಾ ಅಂತೀಯ. ಇಲ್ಲಿ ನನ್ನ ಕುರ್ಚಿ ಇದೆ, ಒಂದು ಕಾಲು ಗಿಡ್ಡ, ಕೆಳಗೆ ರಟ್ಟು ಇಟ್ಟಿದ್ದೀನಿ. ಕೆಳಗಡೆ ಬೀಗದವನು ಬೆಳಿಗ್ಗೆ ಎಂಟಕ್ಕೆ ಚಕ್ರಕ್ಕೆ ಕೀಲಿ ಹಿಡಿದು ಕಿರ್ ಅನ್ನಿಸ್ತಾನೆ, ಅದೇ ನನ್ನ ಅಲಾರಂ. ಸಾಯಂಕಾಲ ನಾನೂ ಅವನೂ ಅವನ ಸ್ಟೂಲಿನ ಮೇಲೆ ಕೂತು ದಾರಿಹೋಕರನ್ನು ಸುಮ್ಮನೆ ಆಡಿಕೊಳ್ತೀವಿ. ದೊಡ್ಡದೇನಲ್ಲ ಇವೆಲ್ಲ. ಆದರೂ ಇಲ್ಲ ಅಂತ ಬರೆದರೆ ಇವೆಲ್ಲಕ್ಕೂ ಸೇರಿಸಿ ಬರೆದ ಹಾಗೆ ಆಗುತ್ತೆ. ನನಗೆ ಭಯ ಇದೆ, ನಿನ್ನ ಹತ್ತಿರ ಮುಚ್ಚಿಡೋದು ಏನು. ಹೊಸ ಜಾಗದಲ್ಲಿ ಈ ವಯಸ್ಸಿಗೆ ನಾನು ನಿನಗೆ ಹೊರೆ ಆಗಬಾರದು.

ಅಕ್ಕಪಕ್ಕದವರಿಗೆ ನನ್ನ ವಿಚಾರ ಹೇಳಿ ತಲೆ ತಿನ್ನಬೇಡ. ರಸ್ತೆ ದಾಟೋವಾಗ ನಿಧಾನ, ಓಡಬೇಡ. ಅಮ್ಮ ಇದ್ದಿದ್ದರೆ ತಲೆ ಮೇಲೆ ಕೈ ಇಟ್ಟು ಏನು ಹರಸುತ್ತಿದ್ದಳೋ ಅದೆಲ್ಲವೂ ನಿನಗೆ ಇರಲಿ, ಅವಳ ಪಾಲಿನದೂ ನನ್ನ ಪಾಲಿನದೂ.

ಇಂತಿ ನಿನ್ನ ಅಣ್ಣ,
ತಕ್ಕಡಿ

ತಾ.ಕ. ಗುರುವಾರ ಮಧ್ಯಾಹ್ನ, ಅಂಚೆ ಕಚೇರಿಯಲ್ಲಿ ನಿಂತುಕೊಂಡೇ ಬರೀತಿದ್ದೀನಿ, ಹಿಂದೆ ಸಾಲು ಬೆಳೀತಿದೆ. ಇಲ್ಲ ಅಂತ ಬರೆದು ಕೊಟ್ಟೆ. ಮೇಡಂ ಮುದ್ರೆ ಹಾಕಿದಳು, ಸ್ವಲ್ಪ ವಾರೆಯಾಗಿ ಬಿತ್ತು, ಸುಮ್ಮನಿದ್ದೆ. ಮುಂದಿನ ತಿಂಗಳ ಮೊದಲ ವಾರ ಹೊರಡಬಹುದಂತೆ. ಯಾಕೆ ಬರೆದೆ ಅಂತ ಹೇಳ್ತೀನಿ ಕೇಳು, ಬಚ್ಚಲಲ್ಲಿ ಬೀಳ್ತೀನಿ ಅಂತ ಅಲ್ಲ. ನಿನ್ನ ಕಾಗದಗಳನ್ನೆಲ್ಲ ಸೋಮವಾರ ರಾತ್ರಿಯೇ, ಈ ಕಾಗದ ಶುರು ಮಾಡೋ ಮೊದಲು, ಮೇಜಿನ ಮೇಲೆ ಸಾಲಾಗಿಟ್ಟು ಹಿತ್ತಾಳೆ ಸ್ಕೇಲಿನಲ್ಲಿ ಅಳೆದಿದ್ದೆ. ಐದು ವರ್ಷದ ಹಿಂದೆ ನಿನ್ನ ಒಂದು ಅಕ್ಷರ ನಾಲ್ಕು ಮಿಲಿಮೀಟರ್. ಹೋದ ವರ್ಷ ಏಳು. ಈಚಿನದರಲ್ಲಿ ಹನ್ನೊಂದು, ಸಾಲುಗಳು ಒಂದರ ಮೇಲೊಂದು ಹತ್ತಿವೆ. ಬಲ್ಬು ಮಂದ ಅಲ್ಲ, ಹೊಲಿಗೆ ಬೇಜಾರಾಗಿದ್ದೂ ಅಲ್ಲ, ಅಲ್ವೇನೇ? ಕಣ್ಣಿಗೆ ಏನಾಗಿದೆ, ಡಾಕ್ಟರು ಏನಂದರು ಅಂತ ಈಗ ಕೇಳಲ್ಲ, ಬಂದ ಮೇಲೆ ಹೇಳು. ನನ್ನ ಪೆನ್ನಿಗೂ ಏನೂ ಆಗಿರಲಿಲ್ಲ. ಇದನ್ನು ಯಾರ ಹತ್ತಿರವೂ ಓದಿಸಬೇಡ, ಒಂದೊಂದು ಅಕ್ಷರ ಹನ್ನೆರಡು ಮಿಲಿಮೀಟರ್ ಇದೆ, ನಿನಗಿಂತ ಒಂದು ಹೆಚ್ಚು, ಮೂವತ್ತೆರಡು ಹಾಳೆ. ವಿಮಾನ ನಿಲ್ದಾಣಕ್ಕೆ ಬರಬೇಡ, ವಿಳಾಸ ಇದೆ, ನಾನೇ ಹುಡುಕಿಕೊಂಡು ಬರ್ತೀನಿ. ಬಾಗಿಲು ತಟ್ಟಿದಾಗ ಎದುರಿಗೇ ನಿಂತಿದ್ದರೂ ಯಾರು ಅಂತ ಕೇಳು, ನಾಚಿಕೊಳ್ಳಬೇಡ. ಹೇಳ್ತೀನಿ.